ಸನ್ನೆಯಿಲ್ಲದೆ ಹಿಡಿದ ಚೆಂಡುಗಳು

ಟೋನಿ ಮುಲ್ಲೇನ್ ಎಂಬ ಹಳೆಯ ಬೇಸ್‌ಬಾಲ್ ಪಿಚರ್ 1919ರಲ್ಲಿ ಒಂದು ವಿಷಯ ಒಪ್ಪಿಕೊಂಡರು. ತಮ್ಮೊಡನೆ ಆಡಿದ ಕ್ಯಾಚರ್‌ಗಳಲ್ಲಿ ಫ್ಲೀಟ್‌ವುಡ್ ವಾಕರ್ ಅವರನ್ನು ಮೀರಿಸಿದವರಿಲ್ಲ. ಆದರೂ ಕಪ್ಪುವರ್ಣೀಯ ಎಂಬ ಒಂದೇ ಕಾರಣಕ್ಕೆ ಅವರ ಸನ್ನೆಯತ್ತ ನೋಡದೆ ಮನಸ್ಸಿಗೆ ಬಂದಂತೆ ಎಸೆಯುತ್ತಿದ್ದೆ ಎಂದರು.

ಆ ಮಾತಿನ ಕ್ರೌರ್ಯ ಅರಿಯಲು ಕ್ಯಾಚರ್‌ನ ಕೆಲಸ ತಿಳಿದಿರಬೇಕು. ನಮ್ಮ ವಿಕೆಟ್‌ಕೀಪರ್ ಬೌಲರ್‌ನ ಕೈ ನೋಡಿ ಊಹಿಸುತ್ತಾನೆ. ಕ್ಯಾಚರ್ ಎಂಥ ಎಸೆತ ಬೇಕೆಂದು ಸನ್ನೆ ಮಾಡಿ ಕೇಳುತ್ತಾನೆ. ತಿರುವಿನ ಚೆಂಡಿಗೆ ಕೈಯೊಡ್ಡಿದವನಿಗೆ ವೇಗದ ಚೆಂಡು ಬಂದು ಬಡಿದರೆ ಬೆರಳು ಉಳಿಯುವುದು ಕಷ್ಟ. ಇಬ್ಬರೂ ಟೊಲಿಡೊ ತಂಡದಲ್ಲಿ ಜೊತೆಯಾಗಿ ಆಡಿದ 1884ರಲ್ಲಿ ಇಂದಿನ ದಪ್ಪ ಗ್ಲೌಸ್ ಇರಲಿಲ್ಲ. ವಾಕರ್ ಬರಿಗೈಯಲ್ಲೋ ತೆಳುವಾದ ಚರ್ಮದ ಗ್ಲೌಸಿನಲ್ಲೋ ಹಿಡಿಯುತ್ತಿದ್ದರು. ಒಂದು ದಿನ ಅಂಥ ಮೋಸದ ಎಸೆತವನ್ನು ಹಿಡಿದವರೇ ಮುಲ್ಲೇನ್ ಬಳಿಗೆ ನಡೆದುಬಂದು, ಸನ್ನೆಯಿಲ್ಲದೆ ಬೇಕಾದರೆ ಹಿಡಿಯುತ್ತೇನೆ, ಸನ್ನೆ ಮಾಡಿದ ಮೇಲೆ ವಂಚಿಸಿದರೆ ಹಿಡಿಯುವುದಿಲ್ಲ ಎಂದರಂತೆ. ಉಳಿದ ಸೀಸನ್ ಪೂರ್ತಿ ಏನು ಬರುತ್ತದೆಂದು ತಿಳಿಯದೆ, ಬಂದದ್ದನ್ನೆಲ್ಲ ಹಿಡಿದರು. ಟೊಲಿಡೊ ತಂಡ ಆ ವರ್ಷ ಗೆದ್ದ 46 ಪಂದ್ಯಗಳಲ್ಲಿ 36 ಮುಲ್ಲೇನ್ ಹೆಸರಿನಲ್ಲಿವೆ. ಆ ಗೆಲುವುಗಳಲ್ಲಿ ವಾಕರ್ ಅವರ ಕೈಗಳಿಗೆ ಸಲ್ಲಬೇಕಾದ ಪಾಲನ್ನು ಯಾವ ಪಟ್ಟಿಯೂ ಬರೆದಿಟ್ಟಿಲ್ಲ.

ಒಬರ್ಲಿನ್ ಕಾಲೇಜಿನಲ್ಲೂ ಮಿಷಿಗನ್ ವಿಶ್ವವಿದ್ಯಾಲಯದಲ್ಲೂ ಓದಿದ್ದ ವಾಕರ್, ತಮ್ಮ ಬಣ್ಣ ಮರೆಮಾಚದೆ ಅಮೆರಿಕದ ಅತ್ಯುನ್ನತ ಮಟ್ಟದ ಮೇಜರ್ ಲೀಗ್ ಆಡಿದ ಮೊದಲ ಕಪ್ಪುವರ್ಣೀಯರು. 1884ರ ಮೇ 1ರಂದು ಮೊದಲ ಪಂದ್ಯ ಲೂಯಿವಿಲ್‌ನಲ್ಲಿ. ಮೂರು ವರ್ಷದ ಹಿಂದೆ ಇದೇ ಊರು ಅವರನ್ನು ಆಡಗೊಡದೆ ಹೊರಗೆ ಕೂರಿಸಿತ್ತು. ಹಿಂದಿನ ಆಗಸ್ಟ್‌ನಲ್ಲಷ್ಟೇ ಶಿಕಾಗೊದ ನಾಯಕ ಕ್ಯಾಪ್ ಆನ್ಸನ್ ಇವರಿದ್ದರೆ ಆಡುವುದಿಲ್ಲವೆಂದು ಹಟ ಹಿಡಿದಿದ್ದರು. ವಾಕರ್ ಅವರ ನೋಯುವ ಕೈಗೆ ವಿಶ್ರಾಂತಿ ಕೊಡಬೇಕೆಂದಿದ್ದ ಟೊಲಿಡೊ ಮ್ಯಾನೇಜರ್ ಚಾರ್ಲಿ ಮಾರ್ಟನ್, ಆ ಹಟ ಕೇಳಿಯೇ ಅವರನ್ನು ಕಣಕ್ಕಿಳಿಸಿದರು. ಟಿಕೆಟ್ ಹಣ ಕೈತಪ್ಪುತ್ತದೆಂದು ತಿಳಿದಾಗ ಆನ್ಸನ್ ಆಡಿದರು. ಮಾರ್ಟನ್ ಅವರ ಈ ನಡೆ ನನಗೆ ಬಹಳ ಇಷ್ಟ.

ಮುಂದೆ 1884ರ ಜುಲೈನಲ್ಲಿ ಚೆಂಡು ಬಡಿದು ವಾಕರ್ ಪಕ್ಕೆಲುಬು ಮುರಿಯಿತು. ರಿಚ್ಮಂಡ್‌ನಿಂದ, ವಾಕರ್ ಮೈದಾನಕ್ಕಿಳಿದರೆ 75 ಮಂದಿ ದಾಳಿ ಮಾಡುತ್ತೇವೆ ಎಂಬ ಬೆದರಿಕೆ ಪತ್ರ ಬಂತು. ಅಲ್ಲಿ ಆಡುವ ದಿನ ಬರುವ ಮುನ್ನವೇ ಗಾಯದಿಂದಾಗಿ ತಂಡ ಅವರನ್ನು ಕೈಬಿಟ್ಟಿತ್ತು. ಮೇಜರ್ ಲೀಗ್‌ನಲ್ಲಿ ಅವರು ಆಡಿದ್ದು ಒಟ್ಟು 42 ಪಂದ್ಯ. ಕೆಳಗಿನ ಲೀಗ್‌ಗಳಲ್ಲಿ 1889ರವರೆಗೆ ಆಡಿದರು. ಮೇಜರ್ ಲೀಗ್‌ಗೆ ಮತ್ತೆ ಒಬ್ಬ ಕಪ್ಪುವರ್ಣೀಯ ಆಟಗಾರ, ಜಾಕಿ ರಾಬಿನ್ಸನ್, ಬಂದದ್ದು 1947ರಲ್ಲಿ.

ಮುಲ್ಲೇನ್ ಅವರ ಮಾತು ಅಚ್ಚಾದಾಗ ವಾಕರ್ ಒಹಾಯೊದ ಕೇಡಿಜ್‌ನಲ್ಲಿ ಥಿಯೇಟರ್ ನಡೆಸುತ್ತಿದ್ದರು. 1924ರಲ್ಲಿ ತೀರಿಕೊಂಡರು. ಸ್ಟೂಬೆನ್‌ವಿಲ್‌ನ ಅವರ ಸಮಾಧಿಗೆ ಅರವತ್ತಕ್ಕೂ ಹೆಚ್ಚು ವರ್ಷ ಹೆಸರಿನ ಕಲ್ಲೂ ಇರಲಿಲ್ಲ.