ಚಾಲಕರಹಿತ ವಾಹನ: ಹೆದ್ದಾರಿ 66ಕ್ಕೆ ಬೇಕಾದ ನೀತಿ

ವಾಹನ ಎಷ್ಟರಮಟ್ಟಿಗೆ ತಾನೇ ಓಡಬಲ್ಲದು ಎಂಬುದನ್ನು ಸೊನ್ನೆಯಿಂದ ಐದರವರೆಗಿನ ಹಂತಗಳಲ್ಲಿ ಅಳೆಯುತ್ತಾರೆ. ಎರಡನೆಯ ಹಂತದ ಕಾರು ಮುಂದಿನ ವಾಹನಕ್ಕೆ ತಕ್ಕಂತೆ ವೇಗ ಹೊಂದಿಸಿಕೊಳ್ಳುತ್ತದೆ, ಪಥದ ಗೆರೆ ಹಿಡಿದು ಸಾಗುತ್ತದೆ. ರಸ್ತೆಯ ಮೇಲೆ ಕಣ್ಣಿಟ್ಟಿರಬೇಕಾದವನು ಮಾತ್ರ ಚಾಲಕನೇ. ಮೂರನೆಯ ಹಂತದಲ್ಲಿ ಯಂತ್ರವೇ ಓಡಿಸಿ, ತನ್ನ ಕೈ ಮೀರಿದಾಗ ಚಾಲಕನನ್ನು ಕರೆಯುತ್ತದೆ. ನಾಲ್ಕರಲ್ಲಿ, ಗೊತ್ತುಪಡಿಸಿದ ಮೇರೆಯೊಳಗೆ ಮನುಷ್ಯನೇ ಬೇಕಿಲ್ಲ. 2021ರಲ್ಲಿ ಬಂದ ಮಹೀಂದ್ರ ಎಕ್ಸ್‌ಯುವಿ700ರಂಥ ಎರಡನೆಯ ಹಂತದ ಕಾರುಗಳು ಭಟ್ಕಳ, ಹೊನ್ನಾವರ, ಕುಮಟಾಗಳನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಈಗಾಗಲೇ ಓಡಾಡುತ್ತಿವೆ. ಹೀಗಾಗಿ ನೀತಿಯ ಪ್ರಶ್ನೆ ಈ ಮೂರು ತಾಲ್ಲೂಕುಗಳಿಗೂ ಬಂದು ಮುಟ್ಟಿದೆ.

1988ರ ಮೋಟಾರು ವಾಹನ ಕಾಯ್ದೆಯ 3ನೇ ಕಲಂ ಪ್ರಕಾರ ಪರವಾನಗಿ ಇಲ್ಲದವರು ಸಾರ್ವಜನಿಕ ಸ್ಥಳದಲ್ಲಿ ವಾಹನ ಓಡಿಸುವಂತಿಲ್ಲ. ಓಡಿಸುವವನು ಮನುಷ್ಯನೆಂದೇ ಕಾಯ್ದೆ ನಂಬಿದೆ. 2019ರ ತಿದ್ದುಪಡಿ ಎರಡು ಬಾಗಿಲು ತೆರೆಯಿತು. ಸಂಶೋಧನೆಗಾಗಿ ಕೆಲವು ಬಗೆಯ ವಾಹನಗಳಿಗೆ ಕಾಯ್ದೆಯಿಂದ ವಿನಾಯಿತಿ ಕೊಡುವ ಅಧಿಕಾರವನ್ನು 2ಬಿ ಕಲಂ ಕೇಂದ್ರ ಸರ್ಕಾರಕ್ಕೆ ನೀಡಿತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ನಿಗದಿತ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಹೊಣೆಗಾರ ಪ್ರಾಧಿಕಾರಕ್ಕೆ, ಗುತ್ತಿಗೆದಾರನಿಗೆ 1 ಲಕ್ಷ ರೂಪಾಯಿವರೆಗೆ ದಂಡ ಎಂದು 198ಎ ಕಲಂ ಹೇಳಿತು. ಮೊದಲನೆಯದರ ಬಗ್ಗೆ ಉದ್ಯಮ ಮಾತಾಡುತ್ತದೆ. ಕರಾವಳಿಗೆ ಹೆಚ್ಚು ಮುಖ್ಯವಾದದ್ದು ಎರಡನೆಯದು.

ಏಕೆಂದರೆ ಯಂತ್ರ ಓದುವುದು ರಸ್ತೆಯನ್ನು. ಉತ್ತರ ಕನ್ನಡದ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಬಹುಪಾಲು ನಾಲ್ಕೇ ತಿಂಗಳಲ್ಲಿ. ಜಡಿಮಳೆಯಲ್ಲಿ ಕ್ಯಾಮೆರಾಕ್ಕೆ ಬಿಳಿ ಗೆರೆ ಕಾಣುವುದಿಲ್ಲ. ಲೇಸರ್ ಕಿರಣ ಹನಿಗಳಿಗೆ ತಾಗಿ ಚದುರುತ್ತದೆ. ರೇಡಾರ್ ಒಂದೇ ಸ್ವಲ್ಪ ತಾಳಿಕೊಳ್ಳುತ್ತದೆ. ಭಟ್ಕಳದ ರಂಗಿನಕಟ್ಟೆಯಲ್ಲಿ ಹೆದ್ದಾರಿಯ ಮೇಲೆ ನೀರು ನಿಂತಾಗ ಪಥವೂ ಗುಂಡಿಯೂ ಒಂದೇ ಬಣ್ಣ. ಊರಿನ ಚಾಲಕ ಎದುರಿನಿಂದ ಬರುವ ಟೆಂಪೊದ ಚಕ್ರ ಎಷ್ಟು ಮುಳುಗಿದೆ ಎಂದು ನೋಡಿ ನೀರಿನ ಆಳ ಅಂದಾಜಿಸುತ್ತಾನೆ. ಭಟ್ಕಳದ ಶಂಶುದ್ದೀನ್ ಸರ್ಕಲ್, ಹೊನ್ನಾವರದ ಶರಾವತಿ ಸರ್ಕಲ್, ಕುಮಟಾದ ಗಿಬ್ ಸರ್ಕಲ್‌ಗಳಲ್ಲಿ ಪಾದಚಾರಿ, ಬೈಕು, ಬೀಡಾಡಿ ದನ, ಮೀನಿನ ಲಾರಿ ಎಲ್ಲವೂ ಒಂದೇ ಜಾಗಕ್ಕೆ ಸೇರುತ್ತವೆ. 2018ರ ಮಾರ್ಚ್‌ನಲ್ಲಿ ಅಮೆರಿಕದ ಟೆಂಪೆ ನಗರದಲ್ಲಿ ಊಬರ್‌ನ ಪರೀಕ್ಷಾ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯನ್ನು ಏನೆಂದು ಗುರುತಿಸಲಾಗದೆ ಬಡಿದು ಕೊಂದಿತು. ಆಕೆ ದಾಟುತ್ತಿದ್ದುದು ಪಾದಚಾರಿ ಪಟ್ಟೆ ಇಲ್ಲದ ಕಡೆ. ನಮ್ಮಲ್ಲಿ ಜನ ದಿನವೂ ದಾಟುವುದೇ ಹಾಗೆ.

ಆದ್ದರಿಂದ ನೀತಿಯ ಮೊದಲ ಕೆಲಸ ಮೇರೆ ಗೊತ್ತುಮಾಡುವುದು: ಯಾವ ರಸ್ತೆಯಲ್ಲಿ, ಎಂಥ ಹವಾಮಾನದಲ್ಲಿ, ಯಾವ ಹೊತ್ತಿನಲ್ಲಿ ಯಂತ್ರ ಓಡಿಸಬಹುದು. ಇದನ್ನು ಕಾರು ತಯಾರಕರಿಗೇ ಬಿಡುವುದು ತಪ್ಪಾಗುತ್ತದೆ, ಏಕೆಂದರೆ ಇಲ್ಲಿ ರಸ್ತೆಯ ಸ್ಥಿತಿ ದಿಢೀರನೆ ಬದಲಾಗುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮಣ್ಣಿನಡಿ ಸೇರಿತು, ಜನ ಸತ್ತರು. ಮೂರೇ ವಾರದಲ್ಲಿ, ಆಗಸ್ಟ್ 7ರ ನಡುರಾತ್ರಿ, ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಮುರಿದು ಲಾರಿಯೊಂದು ನೀರಿಗೆ ಬಿತ್ತು. ಕಂಪ್ಯೂಟರಿನ ನಕ್ಷೆಯಲ್ಲಿ ಎರಡೂ ಕಡೆ ರಸ್ತೆ ಇದ್ದೇ ಇರುತ್ತದೆ. ರಸ್ತೆ ಮುಚ್ಚಿದ ಸುದ್ದಿ ಈಗ ಜಿಲ್ಲಾಡಳಿತದ ಪ್ರಕಟಣೆಯಾಗಿ, ವಾಟ್ಸಾಪ್ ಸಂದೇಶವಾಗಿ ಹೊರಡುತ್ತದೆ. ಮನುಷ್ಯ ಓದುತ್ತಾನೆ, ವಾಹನ ಓದಲಾರದು. ಅದೇ ಸುದ್ದಿಯನ್ನು ಒಂದು ಗೊತ್ತಾದ ಮಾದರಿಯಲ್ಲಿ, ಎಲ್ಲ ನಕ್ಷೆಗಳಿಗೂ ತಕ್ಷಣ ತಲುಪಿಸುವ ಹೊಣೆಯನ್ನು ಕಾನೂನು ಜಿಲ್ಲೆಗೆ ವಹಿಸಬೇಕು, ಅದಕ್ಕೆ ಬೇಕಾದ ಸಿಬ್ಬಂದಿಯನ್ನೂ ಕೊಡಬೇಕು. ಇಂದು ಮೊಬೈಲ್ ನಕ್ಷೆ ನಂಬಿ ಬರುವ ಪ್ರವಾಸಿಗೂ ಇದರಿಂದ ಉಪಯೋಗವಿದೆ.

ನಕ್ಷೆಯ ವಿಷಯದಲ್ಲಿ 2021ರ ಫೆಬ್ರವರಿಯಲ್ಲಿ ಕೇಂದ್ರದ ಮಾರ್ಗಸೂಚಿ ಬಂದಿದೆ. ಒಂದು ಮೀಟರಿಗಿಂತ ಸೂಕ್ಷ್ಮವಾದ ನಕ್ಷೆಗಳನ್ನು ಭಾರತೀಯ ಸಂಸ್ಥೆಗಳು ಮಾತ್ರ ತಯಾರಿಸಬಹುದು. ಹಾಗಾಗಿ ಜಿಲ್ಲೆಯ ಸುದ್ದಿ ಮೊದಲು ತಲುಪಬೇಕಾದದ್ದು ಈ ಸಂಸ್ಥೆಗಳಿಗೆ.

ಅಪಘಾತವಾದರೆ ಹೊಣೆ ಯಾರದು? ಬ್ರಿಟನ್ನಿನ 2024ರ ಕಾಯ್ದೆ, ಯಂತ್ರವೇ ಓಡಿಸುತ್ತಿದ್ದಾಗ ಆದ ಚಾಲನಾ ತಪ್ಪಿಗೆ ಸೀಟಿನಲ್ಲಿ ಕುಳಿತವನನ್ನು ಶಿಕ್ಷಿಸದೆ, ಅನುಮತಿ ಪಡೆದ ಕಂಪನಿಯನ್ನು ಹೊಣೆಯಾಗಿಸುತ್ತದೆ. ಭಾರತದಲ್ಲಿ ಅಂಥ ಕಾನೂನಿಲ್ಲ. ಇಲ್ಲಿ ಮುಂದೆ ಬಂದಿರುವುದು ಕೆಲಸದ ಪ್ರಶ್ನೆ: ಚಾಲಕರ ಕೆಲಸ ಹೋಗುತ್ತದೆಂಬ ಕಾರಣಕ್ಕೆ ಚಾಲಕರಹಿತ ಕಾರುಗಳನ್ನು ಬಿಡುವುದಿಲ್ಲವೆಂದು ಕೇಂದ್ರ ರಸ್ತೆ ಸಾರಿಗೆ ಸಚಿವ ನಿತಿನ್ ಗಡ್ಕರಿ 2017ರಲ್ಲೂ 2023ರಲ್ಲೂ ಹೇಳಿದ್ದಾರೆ. ಆ ಕಳವಳ ನ್ಯಾಯವಾದದ್ದೇ. ಭಟ್ಕಳ–ಹೊನ್ನಾವರ–ಕುಮಟಾ ನಡುವೆ ಟೆಂಪೊ ಓಡಿಸಿ ಬದುಕುವ ಮನೆಗಳಿವೆ. ತಂತ್ರಜ್ಞಾನ ಕೆಲಸ ಕಸಿಯದೆ ದಣಿವು ತಗ್ಗಿಸಿದ ಉದಾಹರಣೆಯೂ ಇದೇ ಹಾದಿಯಲ್ಲಿದೆ. ಕೊಂಕಣ ರೈಲ್ವೆ 1999ರಿಂದ ತುಂಬಿದ ಲಾರಿಗಳನ್ನು ಗೂಡ್ಸ್ ರೈಲಿನ ಮೇಲೆ ಹೊತ್ತೊಯ್ಯುತ್ತಿದೆ, ಚಾಲಕ ಲಾರಿಯ ಜೊತೆಗೇ ಪ್ರಯಾಣಿಸುತ್ತಾನೆ.

ಹೊಣೆ ಗೊತ್ತುಮಾಡಲು ದಾಖಲೆಯೂ ಬೇಕು. ಅಪಘಾತದ ವಿವರವನ್ನು ಪೊಲೀಸರು ಸ್ಥಳದಲ್ಲೇ ಮೊಬೈಲಿನಲ್ಲಿ ದಾಖಲಿಸುವ ಐರಾಡ್ ವ್ಯವಸ್ಥೆ ಮೊದಲು ಪ್ರಯೋಗವಾದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಡಿಕ್ಕಿಯ ಹೊತ್ತಿಗೆ ಚಾಲನಾ ನೆರವಿನ ವ್ಯವಸ್ಥೆ ಚಾಲ್ತಿಯಲ್ಲಿತ್ತೇ ಎಂಬುದನ್ನು ಪ್ರತಿ ಅಪಘಾತದಲ್ಲೂ ಅಲ್ಲಿ ಕಡ್ಡಾಯವಾಗಿ ಬರೆಯಿಸಬೇಕು, ವಾಹನದಲ್ಲಿ ಉಳಿದ ದತ್ತಾಂಶವನ್ನು ತನಿಖಾಧಿಕಾರಿಗೆ ಒಪ್ಪಿಸುವುದು ತಯಾರಕರ ಕರ್ತವ್ಯವಾಗಬೇಕು. ಇದಕ್ಕೆ ನಾಲ್ಕನೆಯ ಹಂತದ ವಾಹನ ಬರುವವರೆಗೆ ಕಾಯಬೇಕಾಗಿಲ್ಲ.