ಹಳೆಯ ಸಭಾಂಗಣ ಮತ್ತು ರಂಗದೀಪದ ಭಾರ

ವಿದ್ಯಾಸಂಸ್ಥೆಗಳ ವಾರ್ಷಿಕೋತ್ಸವಕ್ಕೆ ನಾಟಕವೇ ಕಳಶಪ್ರಾಯವಾದುದು. ಕಡೂರು, ತರೀಕೆರೆ, ಅಜ್ಜಂಪುರಗಳ ಸುತ್ತಣ ಸೀಮೆಗೆ ರಂಗಕಲೆಯ ಅಭಿರುಚಿ ಹೊಸದಲ್ಲ. ದೀವಟಿಗೆಯ ಬೆಳಕಿನಲ್ಲಿ ಇರುಳಿಡೀ ನಡೆಯುತ್ತಿದ್ದ ಮೂಡಲಪಾಯದ ಬಯಲಾಟವನ್ನು ಕಂಡ ನಾಡಿದು. ಅಜ್ಜಂಪುರಕ್ಕೆ ನೆರೆಯದಾದ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪೂಜ್ಯ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳವರು 1987ರಲ್ಲಿ ಶ್ರೀ ಶಿವಕುಮಾರ ಕಲಾಸಂಘವನ್ನೂ 1997ರಲ್ಲಿ ‘ಶಿವಸಂಚಾರ’ ರೆಪರ್ಟರಿಯನ್ನೂ ಸ್ಥಾಪಿಸಿದ ಮೇಲೆ, ಒಳ್ಳೆಯ ರಂಗಸಜ್ಜಿಕೆ ಮತ್ತು ಬೆಳಕಿನೊಡನೆ ನಾಟಕ ನೋಡುವ ಅವಕಾಶ ಹಳ್ಳಿಹಳ್ಳಿಗೂ ಒದಗಿತು. ಅದನ್ನು ಕಂಡ ಶಾಲೆಗಳಿಗೆ ತಮ್ಮ ಸಭಾಂಗಣದಲ್ಲಿಯೂ ಅಂಥ ದೀಪಗಳಿರಲಿ ಎಂಬ ಆಸೆ ಮೂಡುವುದು ಸಹಜ.

ಆದರೆ ಇಲ್ಲೊಂದು ತೊಡಕುಂಟು. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರ, ಹೆಗ್ಗೋಡಿನ ಶಿವರಾಮ ಕಾರಂತ ರಂಗಮಂದಿರ ಮೊದಲಾದವು ನಾಟಕಕ್ಕೆಂದೇ ಕಟ್ಟಿದವು. ಶಾಲೆಯ ಹಳೆಯ ಸಭಾಂಗಣವಾದರೋ ಪ್ರಾರ್ಥನೆ, ಪ್ರವಚನ, ಪರೀಕ್ಷೆಗಳಿಗಾಗಿ ಎದ್ದುದು. ಅದರ ಛಾವಣಿ ತನ್ನ ಭಾರವನ್ನು ತಾನು ಹೊತ್ತು, ಬಿಸಿಲು ಮಳೆಗಳನ್ನು ತಡೆದರೆ ಸಾಕೆಂಬುದು ಕಟ್ಟಿದವರ ಉದ್ದೇಶ. ಅಂಥ ಛಾವಣಿಗೆ ದೀಪಗಳನ್ನು ತೂಗುಹಾಕಬಹುದೆ, ಹಾಕುವುದಾದರೆ ಎಲ್ಲಿ, ಹೇಗೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ದೀಪವು ಮೇಲಿನಿಂದಲೇ ಏಕೆ ಬೀಳಬೇಕು ಎಂಬುದನ್ನು ಮೊದಲು ತಿಳಿಯಬೇಕು. ನೆಲದ ಮೇಲಿಟ್ಟ ದೀಪದಿಂದ ನಟನ ಗದ್ದ, ಮೂಗುಗಳ ನೆರಳು ಮೇಲ್ಮುಖವಾಗಿ ಬಿದ್ದು ಮುಖ ವಿಕಾರವಾಗಿ ಕಾಣುತ್ತದೆ. ಹಿಂದಿನ ಪರದೆಯ ಮೇಲೆ ದೈತ್ಯಾಕಾರದ ಛಾಯೆ ಮೂಡುತ್ತದೆ. ಅಮೆರಿಕದ ಸ್ಟ್ಯಾನ್ಲಿ ಮೆಕ್ಯಾಂಡ್ಲೆಸ್ ಎಂಬ ರಂಗತಜ್ಞರು 1932ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಎಡಬಲಗಳೆರಡರಿಂದಲೂ ಸುಮಾರು 45 ಅಂಶ ಕೋನದಲ್ಲಿ ಮೇಲಿನಿಂದ ಬೀಳುವ ಬೆಳಕು ಮುಖಭಾವವನ್ನು ಸಹಜವಾಗಿ ತೋರಿಸುವುದೆಂದು ಪ್ರತಿಪಾದಿಸಿದರು. ಇಂದಿಗೂ ರಂಗದೀಪನದ ಮೊದಲ ಪಾಠ ಅದೇ.

ಈ ಕೋನವೇ ದೀಪದ ಸ್ಥಾನವನ್ನೂ ನಿರ್ಧರಿಸುತ್ತದೆ. ವೇದಿಕೆಯ ಎತ್ತರ 1 ಮೀಟರ್, ಅದರ ಮೇಲೆ ನಟನ ಮುಖದ ಎತ್ತರ ಒಂದೂವರೆ ಮೀಟರ್ ಎಂದಿಟ್ಟುಕೊಳ್ಳೋಣ. ದೀಪವನ್ನು ಸಭಾಂಗಣದ ನೆಲದಿಂದ ಐದೂವರೆ ಮೀಟರ್ ಎತ್ತರದಲ್ಲಿ ಕಟ್ಟಿದರೆ ಅದು ಮುಖಕ್ಕಿಂತ 3 ಮೀಟರ್ ಮೇಲಿರುತ್ತದೆ. ಕೋನ 45 ಅಂಶವಾಗಬೇಕಾದರೆ ಮುಂದಕ್ಕೂ 3 ಮೀಟರ್ ದೂರವಿರಬೇಕು. ನಟನು ವೇದಿಕೆಯ ಅಂಚಿನಿಂದ 1 ಮೀಟರ್ ಹಿಂದೆ ನಿಂತಿದ್ದರೆ, ದೀಪವು ಅಂಚಿನಿಂದ 2 ಮೀಟರ್ ಹೊರಗೆ ಬರುತ್ತದೆ. ಅಲ್ಲಿ ಕುಳಿತಿರುವವರು ಯಾರು? ಸಾಮಾನ್ಯವಾಗಿ ಶಾಲೆಗಳಲ್ಲಿ ಮುಂದಿನ ಸಾಲು ಅತಿ ಚಿಕ್ಕ ಮಕ್ಕಳದು. ಆ ದೀಪಗಳನ್ನು ಹಿಡಿದಿರುವ ಕೊಂಡಿಯ ಬಲದ ಪ್ರಶ್ನೆ, ಆದ್ದರಿಂದ, ಆ ಮಕ್ಕಳ ಕ್ಷೇಮದ ಪ್ರಶ್ನೆಯೇ ಆಗಿದೆ.

ಇನ್ನು ಛಾವಣಿಯ ಸ್ವರೂಪವನ್ನು ನೋಡಬಹುದು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ನಾಡಿನಾದ್ಯಂತ ಹರಡಿತು. ಇಂಥ ಕಟ್ಟಡಗಳಲ್ಲಿ ಹೆಂಚನ್ನು ಹೊರುವುದು ಮರದ ತ್ರಿಕೋನ. ಎರಡು ಓರೆತೊಲೆ, ತಳದಲ್ಲಿ ಒಂದು ಅಡ್ಡತೊಲೆ, ನಡುವೆ ಒಂದು ಕಂಬ. ಇದಕ್ಕೆ ಟ್ರಸ್ಸು ಎಂಬ ಹೆಸರೇ ರೂಢಿಯಲ್ಲಿದೆ. ನಡುವಿನ ಕಂಬವು ಅಡ್ಡತೊಲೆಯ ಮೇಲೆ ನಿಂತು ಛಾವಣಿಯನ್ನು ಹೊತ್ತಿದೆಯೆಂದು ನೋಡುವವರು ಭಾವಿಸುತ್ತಾರೆ. ವಾಸ್ತವವು ಇದಕ್ಕೆ ವಿರುದ್ಧ. ಆ ಕಂಬವು ಶಿಖರದಿಂದ ಕೆಳಕ್ಕೆ ತೂಗಿಕೊಂಡಿದ್ದು, ಬಾಗಲೆಳಸುವ ಅಡ್ಡತೊಲೆಯನ್ನು ಮೇಲಕ್ಕೆ ಹಿಡಿದಿರುತ್ತದೆ. ಅಡ್ಡತೊಲೆಯ ಮುಖ್ಯ ಕಾರ್ಯ ಭಾರ ಹೊರುವುದಲ್ಲ. ಓರೆತೊಲೆಗಳ ಬುಡಗಳು ಹೊರಕ್ಕೆ ಜಾರಿ ಗೋಡೆಯನ್ನು ತಳ್ಳದಂತೆ ಅವನ್ನು ಬಿಗಿದಿಡುವುದು.

ಒಂದು ಚದರ ಮೀಟರ್ ಹೆಂಚಿನ ತೂಕ ಸುಮಾರು 40 ಕಿಲೋಗ್ರಾಂ. ಮಳೆಯಲ್ಲಿ ನೆನೆದರೆ ಇನ್ನೂ ಹೆಚ್ಚು. 8 ಮೀಟರ್ ಅಗಲದ ಸಭಾಂಗಣದಲ್ಲಿ 3 ಮೀಟರಿಗೊಂದರಂತೆ ನಿಂತ ಟ್ರಸ್ಸು ಈಗಾಗಲೇ ಒಂದು ಟನ್ನಿಗೆ ಮಿಕ್ಕ ಭಾರವನ್ನು ಹೊತ್ತಿದೆ. ‘ಇಷ್ಟನ್ನು ಹೊತ್ತ ಮರಕ್ಕೆ ನಾಲ್ಕು ದೀಪ ಹೆಚ್ಚೇ?’ ಎಂದು ಕೇಳುವವರುಂಟು. ಹೆಂಚಿನ ಭಾರವು ಜಂತೆಗಳ ಮೂಲಕ ಓರೆತೊಲೆಗಳಿಗೆ ಹಂಚಿ ಇಳಿಯುತ್ತದೆ. ಟ್ರಸ್ಸನ್ನು ರಚಿಸಿರುವುದೇ ಅದಕ್ಕಾಗಿ. ದೀಪದ ಭಾರವಾದರೋ ಒಂದೇ ಕಡೆ ಜಗ್ಗುತ್ತದೆ. ಅಡ್ಡತೊಲೆಯಲ್ಲಿ ಎರಡು ಕೀಲುಗಳ ನಡುವೆ ಅದನ್ನು ತೂಗಿಸಿದರೆ ಮರ ಬಾಗುತ್ತದೆ. ಕೊಂಡಿಗೆಂದು ತೊಲೆಯ ತಳಭಾಗದಲ್ಲಿ ರಂಧ್ರ ಕೊರೆದರೆ, ಅತ್ಯಂತ ಹೆಚ್ಚು ಸೆಳೆತವಿರುವ ಎಳೆಗಳನ್ನೇ ಕತ್ತರಿಸಿದಂತಾಗುತ್ತದೆ. ಆದುದರಿಂದ ತೂಗುವುದೇ ಅನಿವಾರ್ಯವಾದರೆ ಮರಗಳು ಕೂಡುವ ಕೀಲಿನ ಬಳಿಯಲ್ಲಿ, ಮರವನ್ನು ಕೊರೆಯದೆ, ಸುತ್ತಲೂ ತಬ್ಬಿ ಹಿಡಿಯುವ ಉಕ್ಕಿನ ಪಟ್ಟಿಯಿಂದ ತೂಗಬೇಕು. ಮರದ ಜಂತೆ, ಇಟ್ಟಿಗೆ, ಸುಣ್ಣದ ಗಾರೆಗಳಿಂದಾದ ಮದ್ರಾಸ್ ತಾರಸಿಯಲ್ಲಿ ಗಾರೆಗೆ ಕೊಂಡಿ ಬಡಿಯುವುದಂತೂ ಸಲ್ಲದು. ಅಲ್ಲಿ ಇಟ್ಟಿಗೆಗಳು ಒಂದನ್ನೊಂದು ಒತ್ತಿಕೊಂಡು ನಿಂತಿವೆಯೇ ಹೊರತು ಕೆಳಕ್ಕೆ ಜಗ್ಗುವ ಭಾರವನ್ನು ಹಿಡಿಯಲಾರವು.

ಭಾರದ ಲೆಕ್ಕವನ್ನು ವಿದ್ಯಾರ್ಥಿಗಳೂ ಮಾಡಬಹುದು. 6 ಮೀಟರ್ ಉದ್ದದ ಉಕ್ಕಿನ ಕೊಳವೆಗೆ ಸುಮಾರು 21 ಕಿಲೋಗ್ರಾಂ. ತಲಾ 7 ಕಿಲೋಗ್ರಾಮಿನ ಎಂಟು ದೀಪಗಳಿಗೆ 56. ತಂತಿ, ಹಿಡಿಕೆಗಳಿಗೆ 13. ಒಟ್ಟು 90. ಎರಡು ಕೊಂಡಿಗಳಿದ್ದರೆ ತಲಾ 45 ಎನ್ನಿಸಿದರೂ, ದೀಪಗಳು ಒಂದೇ ಪಕ್ಕಕ್ಕೆ ಸರಿದಾಗ ಒಂದರ ಮೇಲೆ 60 ಬರಬಹುದು. ಜನರ ತಲೆಯ ಮೇಲೆ ತೂಗುವ ಕೊಂಡಿ, ಸರಪಳಿಗಳಿಗೆ ಹತ್ತರಷ್ಟು ಬಲವಿರಬೇಕೆಂಬುದು ಎಚ್ಚರದ ಪದ್ಧತಿ. ಎಂದರೆ 600 ಕಿಲೋಗ್ರಾಮಿಗೆ ಮೊದಲು ತುಂಡಾಗದಂಥವು ಬೇಕು.

ಹಗ್ಗದ ಓರೆಯೂ ಭಾರವನ್ನು ಹೆಚ್ಚಿಸುತ್ತದೆ. ಒಂದೇ ಭಾರವನ್ನು ಎರಡು ಓರೆಹಗ್ಗಗಳು ಹಿಡಿದಿರುವಾಗ ಅವುಗಳ ನಡುವಿನ ಕೋನ 60 ಅಂಶವಿದ್ದರೆ ಪ್ರತಿ ಹಗ್ಗದ ಸೆಳೆತ ಒಟ್ಟು ಭಾರದ ನೂರಕ್ಕೆ 58ರಷ್ಟು. 120 ಅಂಶವಾದರೆ ಪ್ರತಿಯೊಂದರಲ್ಲಿಯೂ ಪೂರ್ಣ ಭಾರದಷ್ಟು. 150 ಅಂಶವಾದರೆ ಹೆಚ್ಚುಕಡಮೆ ಇಮ್ಮಡಿ. ಹಗ್ಗವನ್ನು ಚಪ್ಪಟೆಯಾಗಿ ಬಿಗಿದಷ್ಟೂ ಅಪಾಯ ಬೆಳೆಯುತ್ತದೆಂಬುದು ಇದರಿಂದ ಸ್ಪಷ್ಟ.

ಲೆಕ್ಕ ಸರಿಯಿದ್ದರೂ ಮರ ಸರಿಯಿರಬೇಕು. ಕಡೂರಿನ ಕಡೆ ಬಯಲುಸೀಮೆಯ ಒಣಹವೆ. ತರೀಕೆರೆಯಿಂದ ಲಕ್ಕವಳ್ಳಿಯತ್ತ ಸಾಗಿದಂತೆ ಮಲೆನಾಡಿನ ತೇವ. ಎರಡೆಡೆಯೂ ಗೆದ್ದಲಿನ ಕಾಟ ತಪ್ಪಿದ್ದಲ್ಲ. ತೊಲೆಯ ತುದಿ ಗೋಡೆಯೊಳಗೆ ಹೊಕ್ಕಿರುವ ಭಾಗವೇ ಮೊದಲು ಕೆಡುವುದು. ಅದು ಕಣ್ಣಿಗೆ ಕಾಣುವುದೂ ಇಲ್ಲ. ಬಡಗಿಯು ಸುತ್ತಿಗೆಯಿಂದ ತಟ್ಟಿ ಟೊಳ್ಳು ದನಿಯನ್ನು ಆಲಿಸಬೇಕು. ಚೂಪಾದ ದಬ್ಬಳವನ್ನು ಚುಚ್ಚಿ ನೋಡಬೇಕು. ಆದರೂ ಅಂತಿಮ ನಿರ್ಣಯ ಕಟ್ಟಡಗಳ ಬಲವನ್ನು ಬಲ್ಲ ಇಂಜಿನಿಯರರದು. ಅವರು ಒಪ್ಪಿದ ಮೇಲೆಯೂ, ಕೆಳಗೆ ಯಾರೂ ಇಲ್ಲದ ವೇಳೆಯಲ್ಲಿ, ಉದ್ದೇಶಿತ ಭಾರಕ್ಕಿಂತ ಕಾಲುಭಾಗ ಹೆಚ್ಚಿನ ಮರಳುಚೀಲಗಳನ್ನು ಅವರ ಸಮಕ್ಷಮದಲ್ಲಿ ತೂಗಿಸಿ, ತೊಲೆ ಎಷ್ಟು ಬಾಗಿತು, ಇಳಿಸಿದಾಗ ಮೊದಲಿನ ಮಟ್ಟಕ್ಕೆ ಮರಳಿತೆ ಎಂಬುದನ್ನು ಅಳೆಯುವುದು ಯುಕ್ತ.

ಸಂದೇಹ ಉಳಿದರೆ ಏನು ಮಾಡಬೇಕು? ಉತ್ತರ ಬಯಲಿನಲ್ಲಿಯೇ ಇದೆ. ಸಾಣೇಹಳ್ಳಿಯ ಗ್ರೀಕ್ ಮಾದರಿಯ ಬಯಲು ರಂಗಮಂದಿರದಂಥ ಕಡೆ ತೂಗುಹಾಕಲು ಛಾವಣಿಯೇ ಇಲ್ಲ. ಬಯಲಿನಲ್ಲಿ ದೀಪವನ್ನು ಹೊರುವ ಆಧಾರ ನೆಲದಿಂದಲೇ ಮೇಲೇಳಬೇಕು. ಅದೇ ತತ್ತ್ವವನ್ನು ಒಳಾಂಗಣಕ್ಕೂ ಅನ್ವಯಿಸಬಹುದು. ಎರಡು ಪಕ್ಕಗಳಲ್ಲಿ ತಳಪಾಯ ತೋಡಿ ಉಕ್ಕಿನ ಕಂಬಗಳನ್ನು ನಿಲ್ಲಿಸಿ, ಅವುಗಳ ಮೇಲೆ ಅಡ್ಡತೊಲೆಯನ್ನಿಟ್ಟು ಬಿಗಿದರೆ ದೀಪದ ಭಾರವು ಛಾವಣಿಯನ್ನಾಗಲಿ ಹಳೆಯ ಗೋಡೆಯನ್ನಾಗಲಿ ಮುಟ್ಟದೆ ನೇರವಾಗಿ ಭೂಮಿಗೆ ಇಳಿಯುತ್ತದೆ. ಈ ಚೌಕಟ್ಟು ಪಕ್ಕಕ್ಕೆ ವಾಲದಂತೆಯೂ ಇಂಜಿನಿಯರರೇ ರೂಪಿಸಬೇಕು. ಖರ್ಚು ತುಸು ಹೆಚ್ಚಾದೀತು. ಆದರೆ ಹಿರಿಯರು ಕಟ್ಟಿದ ಕಟ್ಟಡಕ್ಕೆ ಗಾಯವಾಗದು, ಕಾಣದ ಮರದ ತುದಿಯನ್ನು ನಂಬಿ ಕೂರಬೇಕಾಗಿಯೂ ಇಲ್ಲ.

ದೀಪಗಳ ವಿಷಯದಲ್ಲಿಯೂ ವಿವೇಕ ಬೇಕು. ಸಾವಿರ ವಾಟ್‌ಗಳ ಎಂಟು ಹ್ಯಾಲೊಜೆನ್ ದೀಪಗಳು ಒಟ್ಟಿಗೆ ಉರಿದರೆ 230 ವೋಲ್ಟಿನಲ್ಲಿ ಸುಮಾರು 35 ಆಂಪಿಯರ್ ವಿದ್ಯುತ್ ಹರಿಯುತ್ತದೆ. ಪಂಖ, ಬಲ್ಬುಗಳಿಗೆಂದು ಎಳೆದ ಹಳೆಯ ತಂತಿ ಅದನ್ನು ತಾಳದು. ಅವುಗಳ ಕಾವಿಗೆ ನೈಲಾನ್ ಹಗ್ಗ ಕರಗುತ್ತದೆ, ಒಣಮರ ಕಪ್ಪಾಗುತ್ತದೆ. ಎಲ್.ಇ.ಡಿ. ದೀಪಗಳು ವಿದ್ಯುತ್ತನ್ನೂ ಕಾವನ್ನೂ ಬಹುವಾಗಿ ತಗ್ಗಿಸಿವೆ. ಆದರೆ ಯಾವ ದೀಪವಾದರೂ ಅದರ ಹಿಡಿಕೆಯ ಜೊತೆಗೆ ಉಕ್ಕಿನ ಎರಡನೆಯ ಹಗ್ಗವೊಂದು ಇರಲೇಬೇಕು. ತಿರುಪು ಸಡಿಲವಾದರೆ ದೀಪವನ್ನು ತಡೆದು ನಿಲ್ಲಿಸುವುದು ಅದೇ. ಉಕ್ಕಿನ ಕೊಳವೆಗೆ ಅರ್ಥಿಂಗ್ ಇರಬೇಕು.

ಕೊಂಡಿ ಹಾಕಿದ ದಿನಕ್ಕೆ ಕೆಲಸ ಮುಗಿಯುವುದಿಲ್ಲ. ಪ್ರತಿ ಆಧಾರದ ಬಳಿ ಅದು ಹೊರಬಹುದಾದ ಭಾರವನ್ನು ದಪ್ಪ ಅಕ್ಷರಗಳಲ್ಲಿ ಬರೆಸಬೇಕು. ಮಳೆಗಾಲ ಕಳೆದ ಮೇಲೆ, ವಾರ್ಷಿಕೋತ್ಸವಕ್ಕೆ ಮುಂಚೆ, ವರ್ಷಕ್ಕೊಮ್ಮೆಯಾದರೂ ಎಲ್ಲವನ್ನೂ ಪರೀಕ್ಷಿಸಿ ದಾಖಲೆ ಪುಸ್ತಕದಲ್ಲಿ ದಿನಾಂಕ ಸಹಿತ ಗುರುತು ಹಾಕಬೇಕು. ದೀಪ ಕಟ್ಟುವಾಗ ಕೆಳಗೆ ಯಾರೂ ಸುಳಿಯಬಾರದು. ಶರಣರು ಕಾಯಕದಲ್ಲಿ ಮೇಲುಕೀಳೆಣಿಸಲಿಲ್ಲ. ರಂಗದ ಮೇಲೆ ಬಸವಣ್ಣನ ಪಾತ್ರ ವಹಿಸುವ ಬಾಲಕನ ಕಾಯಕ ಎಷ್ಟು ದೊಡ್ಡದೋ, ಏಣಿಯೇರಿ ತಿರುಪಿನ ಬಿಗಿ ನೋಡಿ ಪುಸ್ತಕದಲ್ಲಿ ಸಹಿ ಹಾಕುವವನದೂ ಅಷ್ಟೇ ದೊಡ್ಡದು. ಮುಂದಿನ ಸಾಲಿನ ಮಕ್ಕಳು ತಲೆಯೆತ್ತದೆ, ಮೈಮರೆತು ನಾಟಕ ನೋಡುವುದು ಆ ಸಹಿಯ ಬಲದಿಂದಲೇ.