ಬೀಗ ಹಾಕಿದ ಡಯಲ್, ತೆರೆದೇ ಇದ್ದ ತಂತಿ

1980ರ ದಶಕದ ಮಂಗಳೂರಿನಲ್ಲಿ ಟೆಲಿಫೋನ್ ಇದ್ದ ಅನೇಕ ಕಡೆ ಅದರ ಡಯಲ್ಲಿಗೊಂದು ಪುಟ್ಟ ಬೀಗವೂ ಇರುತ್ತಿತ್ತು. ಹಂಪನಕಟ್ಟೆಯ ಅಂಗಡಿಯಿರಲಿ, ಬಂದರಿನ ಮಂಡಿಯಿರಲಿ, ಹೆಂಚಿನ ಕಾರ್ಖಾನೆಯ ಗುಮಾಸ್ತರ ಮೇಜಿರಲಿ, ಡಯಲ್ಲಿನ ತೂತಿಗೆ ಬೀಗ ಸಿಕ್ಕಿಸಿ ಕೀಲಿಕೈಯನ್ನು ಧಣಿಗಳು ಜೇಬಿಗೆ ಹಾಕಿಕೊಂಡು ಊಟಕ್ಕೆ ಹೋಗುತ್ತಿದ್ದರು. ಬಂದ ಕರೆ ತೆಗೆದುಕೊಳ್ಳಬಹುದು, ಹೊರಗೆ ಮಾಡುವಂತಿಲ್ಲ. ದೂರದೂರಿನ ಎಸ್‌ಟಿಡಿ ಕರೆಗಳ ಬಿಲ್ಲಿನ ಭಯ ಅಷ್ಟಿತ್ತು. ಮುಂಬೈಯಲ್ಲಿ ಅಣ್ಣ, ದುಬೈಯಲ್ಲಿ ಭಾವ ಇದ್ದ ಊರಿದು. ಫೋನಿನ ಹತ್ತಿರ ಒಬ್ಬನೇ ಕೂತವನಿಗೆ ಕೈ ತುರಿಸುವುದು ಸಹಜವೇ.

ಆ ಬೀಗವನ್ನು ಮುಟ್ಟದೆಯೇ ಕರೆ ಮಾಡುವ ಉಪಾಯ ಹಲವರಿಗೆ ಗೊತ್ತಿತ್ತು. ರಿಸೀವರ್ ಎತ್ತಬೇಕು. ಅದು ಕೂರುವ ತೊಟ್ಟಿಲಿನ ಗುಂಡಿಯನ್ನು ಬೆರಳಿನಿಂದ ಚಕಚಕನೆ ತಟ್ಟಬೇಕು. ಮುಂಬೈ ಬೇಕೆಂದರೆ 022. ಸೊನ್ನೆಗೆ ಹತ್ತು ತಟ್ಟು, ಒಂದು ಕ್ಷಣ ತಡೆ, ಎರಡು ತಟ್ಟು, ತಡೆ, ಮತ್ತೆರಡು ತಟ್ಟು, ಆಮೇಲೆ ಊರಿನ ನಂಬರು. ಲೆಕ್ಕ ತಪ್ಪಿದರೆ ಯಾರದೋ ಮನೆಗೆ ಹೋಗಿ ‘ರಾಂಗ್ ನಂಬರ್’ ಬೈಗುಳ ಸಿಗುತ್ತಿತ್ತು. ತಪ್ಪದಿದ್ದರೆ ಲೈನ್ ಸಿಗುತ್ತಿತ್ತು. ಇದನ್ನು ಮೊದಲು ಕಂಡುಹಿಡಿದವರ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ಜಗತ್ತಿನ ನೂರಾರು ಊರುಗಳಲ್ಲಿ ನೂರಾರು ಜನ ತಮ್ಮ ಪಾಡಿಗೆ ತಾವು ಕಂಡುಕೊಂಡ ಸಂಗತಿಯಿದು.

ಅದು ನಡೆಯುತ್ತಿದ್ದುದು ಹೀಗೆ. ರಿಸೀವರ್ ಎತ್ತಿದೊಡನೆ ತಂತಿಯಲ್ಲಿ ವಿದ್ಯುತ್ ಹರಿಯತೊಡಗುತ್ತದೆ. ಡಯಲ್ ತಿರುಗಿಸಿ ಬಿಟ್ಟಾಗ ಅದು ಹಿಂದಕ್ಕೆ ಸರಿಯುತ್ತ ಆ ವಿದ್ಯುತ್ತನ್ನು ಸೆಕೆಂಡಿಗೆ ಸುಮಾರು 10 ಬಾರಿಯ ವೇಗದಲ್ಲಿ ಕಡಿದು ಕಡಿದು ಜೋಡಿಸುತ್ತದೆ. ಎರಡಕ್ಕೆ ಎರಡು ಕಡಿತ, ಸೊನ್ನೆಗೆ ಹತ್ತು. ಎಕ್ಸ್‌ಚೇಂಜಿನಲ್ಲಿರುವ ಯಂತ್ರ ಈ ಕಡಿತಗಳನ್ನು ಎಣಿಸಿ ಮೆಟ್ಟಿಲು ಹತ್ತಿದಂತೆ ಒಂದೊಂದೇ ಹಂತ ಸರಿಯುತ್ತದೆ. ಅಮೆರಿಕದ ಕನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ವೃತ್ತಿಯಲ್ಲಿದ್ದ ಆಲ್ಮನ್ ಸ್ಟ್ರೌಜರ್ 1891ರಲ್ಲಿ ಪೇಟೆಂಟ್ ಪಡೆದ ವಿಧಾನವಿದು. ಸ್ವಾತಂತ್ರ್ಯದ ಮರುವರ್ಷ, 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ನಮ್ಮೆಲ್ಲರ ಐಟಿಐ, ದೂರವಾಣಿನಗರದಲ್ಲಿ ಇಂಥ ಎಕ್ಸ್‌ಚೇಂಜುಗಳನ್ನೂ ಆ ಕಪ್ಪು ಫೋನುಗಳನ್ನೂ ತಯಾರಿಸಿ ದೇಶಕ್ಕೆಲ್ಲ ಕೊಟ್ಟಿತು. ವಿದ್ಯುತ್ತನ್ನು ಕಡಿಯುತ್ತಿರುವುದು ಡಯಲ್ಲೋ ಗುಮಾಸ್ತನ ಬೆರಳೋ ಎಂಬುದು ಆ ಯಂತ್ರಕ್ಕೆ ತಿಳಿಯುವಂತಿರಲಿಲ್ಲ. ಬೀಗ ಬಿದ್ದದ್ದು ಡಯಲ್ಲಿಗೆ, ತಂತಿಗಲ್ಲ.

ಟೆಲಿಫೋನ್ ಭದ್ರತೆಯ ಇಡೀ ಚರಿತ್ರೆ ಈ ಒಂದು ಲೋಪದ ಸುತ್ತ ಸುತ್ತುತ್ತದೆ ಎಂದು ನಾನು ನಂಬಿದ್ದೇನೆ. ಯಂತ್ರ ಸಂಕೇತವನ್ನು ಗುರುತಿಸುತ್ತದೆ, ಸಂಕೇತ ಕೊಟ್ಟವರನ್ನಲ್ಲ. ಪ್ರತಿ ಪೀಳಿಗೆಯೂ ಇದನ್ನು ಹೊಸದಾಗಿ ಕಂಡುಹಿಡಿದಿದೆ. ಕಂಡುಹಿಡಿದವರು ಬಹುಮಟ್ಟಿಗೆ ಎಂಜಿನಿಯರುಗಳಲ್ಲ, ಗಮನವಿಟ್ಟು ಕೇಳಿಸಿಕೊಂಡವರು.

ಅವರಲ್ಲಿ ಮೊದಲು ನೆನೆಯಬೇಕಾದವನು ಜೋ ಎಂಗ್ರೆಸಿಯಾ. 1949ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಹುಟ್ಟಿದವನು, ಹುಟ್ಟುಕುರುಡ. ಸ್ವರವನ್ನು ಕೇಳಿದೊಡನೆ ಇದು ಇಂಥದ್ದೇ ಎಂದು ಹಿಡಿಯಬಲ್ಲ ಕಿವಿ ಅವನದು. ಫೋನೇ ಅವನ ಆಟಿಕೆ. ಏಳೆಂಟು ವರ್ಷದವನಿದ್ದಾಗ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟ ಧ್ವನಿಯೊಂದನ್ನು ಕೇಳುತ್ತ ಸಿಳ್ಳೆ ಹಾಕಿದ. ಧ್ವನಿ ಥಟ್ಟನೆ ನಿಂತಿತು. ಇನ್ನೊಮ್ಮೆ ಹಾಗೇ ಮಾಡಿದ, ಇನ್ನೊಮ್ಮೆಯೂ ನಿಂತಿತು. ಅವನ ಬಾಯಿಂದ ಹೊರಟದ್ದು 2600 ಹರ್ಟ್ಸ್‌ನ ಸ್ವರ.

ಊರಿಂದೂರಿಗೆ ಕರೆ ಒಯ್ಯುವ ಟ್ರಂಕ್ ಲೈನು ಖಾಲಿಯಿದೆ ಎಂದು ಎಕ್ಸ್‌ಚೇಂಜುಗಳು ಪರಸ್ಪರ ತಿಳಿಸುತ್ತಿದ್ದದ್ದು ಅದೇ ಸ್ವರದಿಂದ. ಮಾತು ಹೋಗುವ ತಂತಿಯಲ್ಲೇ ಆಜ್ಞೆಯೂ ಹೋಗುತ್ತಿತ್ತು. ಮಂಗಳೂರಿನ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಸಿಳ್ಳೆ ಹಾಕಿದರೆ ಡ್ರೈವರ್ ತಿರುಗಿ ನೋಡದೆ ಗಾಡಿ ಬಿಡುತ್ತಾನಲ್ಲ, ಹಿಂದಿನ ಸೀಟಿನ ಹುಡುಗನೊಬ್ಬ ಅದೇ ಧಾಟಿಯಲ್ಲಿ ಸಿಳ್ಳೆ ಹಾಕಿದರೂ ಬಸ್ಸು ಹೊರಟೇ ಹೊರಡುತ್ತದೆ. ಎಂಗ್ರೆಸಿಯಾ ಆ ಹುಡುಗ. ಬಿಲ್ ಬೀಳದ ನಂಬರಿಗೆ ಕರೆ ಮಾಡಿ ನಡುವೆ ಸಿಳ್ಳೆ ಹಾಕಿದರೆ ದೂರದ ಎಕ್ಸ್‌ಚೇಂಜು ‘ಇವನು ಫೋನ್ ಇಟ್ಟ’ ಎಂದುಕೊಂಡು ಹೊಸ ಆಜ್ಞೆಗೆ ಕಾಯುತ್ತದೆ. ಇತ್ತ ಹತ್ತಿರದ ಎಕ್ಸ್‌ಚೇಂಜಿನ ಲೆಕ್ಕದಲ್ಲಿ ಹಳೆಯ ಉಚಿತ ಕರೆಯೇ ನಡೆಯುತ್ತಿರುತ್ತದೆ. ಆಮೇಲೆ ಸಿಳ್ಳೆಯನ್ನೇ ತುಂಡು ತುಂಡಾಗಿ ಹಾಕಿ ಬೇಕಾದ ನಂಬರು ಒತ್ತಬಹುದಿತ್ತು. ಇಲ್ಲಿ ಬೆರಳು ಮಾಡುತ್ತಿದ್ದ ಕೆಲಸವನ್ನು ಅಲ್ಲಿ ಅವನ ತುಟಿ ಮಾಡಿತು.

1960ರ ದಶಕದ ಕೊನೆಗೆ ಫ್ಲಾರಿಡಾದ ವಿಶ್ವವಿದ್ಯಾಲಯದಲ್ಲಿ ಸಹಪಾಠಿಗಳಿಗೆ ಸಿಳ್ಳೆಯಿಂದಲೇ ದೂರದ ಕರೆ ಜೋಡಿಸಿಕೊಟ್ಟು ಅವನು ಸಿಕ್ಕಿಬಿದ್ದ. 1971ರಲ್ಲಿ ಬಂಧನವೂ ಆಯಿತು. ಮುಂದೆ ಟೆಲಿಫೋನ್ ಕಂಪನಿಯೊಂದು ಅವನಿಗೆ ಕೆಲಸ ಕೊಟ್ಟಿತು. ಮೊದಲೇ ಕೊಡಬೇಕಿತ್ತು. ತಮ್ಮ ಜಾಲದ ಬಿರುಕನ್ನು ಪುಕ್ಕಟೆಯಾಗಿ ತೋರಿಸಿಕೊಟ್ಟ ಮಕ್ಕಳನ್ನು ಕಳ್ಳರೆಂದು ನೋಡುವ ಚಾಳಿಯಿಂದ ಈ ಉದ್ಯಮಕ್ಕೆ ಬಹಳ ನಷ್ಟವಾಗಿದೆ.

ಗುಟ್ಟನ್ನು ಹೊರಹಾಕಿದ್ದಂತೂ ಟೆಲಿಫೋನ್ ಜಾಲ ನಡೆಸುತ್ತಿದ್ದ ಬೆಲ್ ಸಂಸ್ಥೆಯೇ. ಅದರ ತಾಂತ್ರಿಕ ಪತ್ರಿಕೆಯ 1960ರ ನವೆಂಬರ್ ಸಂಚಿಕೆಯಲ್ಲಿ ಎಕ್ಸ್‌ಚೇಂಜುಗಳ ನಡುವಿನ ಸ್ವರಗಳ ವಿವರ ಅಚ್ಚಾಯಿತು. ವಾಷಿಂಗ್ಟನ್ ರಾಜ್ಯದ ಕಾಲೇಜೊಂದರ ಲೈಬ್ರರಿಯಲ್ಲಿ ರಾಲ್ಫ್ ಬಾರ್ಕ್ಲೇ ಎಂಬ ವಿದ್ಯಾರ್ಥಿ ಅದನ್ನೋದಿ, ಆ ಸ್ವರಗಳನ್ನು ಹೊರಡಿಸುವ ಪೆಟ್ಟಿಗೆ ಕಟ್ಟಿದ. ಪೆಟ್ಟಿಗೆಯ ಬಣ್ಣ ನೀಲಿ. ‘ಬ್ಲೂ ಬಾಕ್ಸ್’ ಹುಟ್ಟಿದ್ದು ಹಾಗೆ. 1971ರ ಅಕ್ಟೋಬರಿನಲ್ಲಿ ಎಸ್ಕ್ವೈರ್ ಮಾಸಿಕದಲ್ಲಿ ರಾನ್ ರೋಸೆನ್‌ಬಾಮ್ ಈ ‘ಫೋನ್ ಫ್ರೀಕ್’ ಮಂದಿಯ ಬಗ್ಗೆ ಬರೆದ ಲೇಖನ ಓದಿ ಸ್ಟೀವ್ ವೋಜ್ನಿಯಾಕ್ ಮತ್ತು ಸ್ಟೀವ್ ಜಾಬ್ಸ್ ಸಹ ಅಂಥ ಪೆಟ್ಟಿಗೆ ಮಾಡಿ ಮಾರಿದರು. ಆ್ಯಪಲ್ ಕಂಪನಿ ಬಂದದ್ದು ಆಮೇಲೆ.

ಮದ್ದು ಗೊತ್ತಿತ್ತು, ಆಜ್ಞೆಗೆ ಬೇರೆಯೇ ದಾರಿ ಕೊಡುವುದು. ಅಮೆರಿಕದಲ್ಲಿ ಆ ಕೆಲಸ 1976ರಲ್ಲಿ ಶುರುವಾಯಿತು. ನಮ್ಮಲ್ಲಿ ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ ಗ್ರಾಮೀಣ ಡಿಜಿಟಲ್ ಎಕ್ಸ್‌ಚೇಂಜು 1986ರಲ್ಲಿ ಕಿತ್ತೂರಿನಲ್ಲಿ ಕೆಲಸ ಆರಂಭಿಸಿತು. ಸ್ಟ್ರೌಜರ್ ಯಂತ್ರಗಳ ಕಾಲ ಮುಗಿಯುತ್ತ ಬಂತು. ಡಯಲ್ಲಿನ ಬೀಗ ಹೋಗಿ, ಎಸ್‌ಟಿಡಿ ತಡೆಯಲು ಗುಪ್ತ ಸಂಖ್ಯೆ ಒತ್ತುವ ‘ಡೈನಮಿಕ್ ಲಾಕ್’ ಮನೆಗಳಿಗೆ ಬಂತು. ಕಬ್ಬಿಣದ ಕೀಲಿಯ ಜಾಗದಲ್ಲಿ ನಾಲ್ಕು ಅಂಕಿ ಕೂತಿತು. ಕತೆಯ ಎರಡನೇ ಭಾಗ ಈ ನಾಲ್ಕು ಅಂಕಿಯದು.

ವಾಯ್ಸ್ ಮೇಲ್ ಅನ್ನು ಕಚೇರಿಗಳಿಗೆ ತಂದವನು ಟೆಕ್ಸಾಸಿನ ಗಾರ್ಡನ್ ಮ್ಯಾಥ್ಯೂಸ್. 1983ರ ಫೆಬ್ರವರಿಯಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು. ನೌಕರ ಮೇಜಿನಲ್ಲಿಲ್ಲದಿದ್ದರೆ ಸಂದೇಶ ಪೆಟ್ಟಿಗೆಯಲ್ಲಿ ಉಳಿಯುತ್ತದೆ. ಅವನು ಎಲ್ಲಿಂದಾದರೂ ಕರೆ ಮಾಡಿ, ನಾಲ್ಕಂಕಿ ಒತ್ತಿ ಕೇಳಿಸಿಕೊಳ್ಳುತ್ತಾನೆ. ಅನುಕೂಲವೆಲ್ಲ ಆ ‘ಎಲ್ಲಿಂದಾದರೂ’ ಎಂಬುದರಲ್ಲಿತ್ತು, ಅಪಾಯವೂ ಅಲ್ಲೇ ಇತ್ತು. ನಾಲ್ಕಂಕಿಯಲ್ಲಿ 10,000 ಸಾಧ್ಯತೆ. ಆದರೆ ಜನ ಅಷ್ಟೂ ಸಂಖ್ಯೆಗಳಿಂದ ಆರಿಸುವುದಿಲ್ಲ. ಸೋರಿಹೋದ ನಾಲ್ಕಂಕಿ ಗುಪ್ತಸಂಖ್ಯೆಗಳನ್ನು 2012ರಲ್ಲಿ ನಿಕ್ ಬೆರಿ ಎಂಬಾತ ವಿಶ್ಲೇಷಿಸಿದಾಗ ಹತ್ತರಲ್ಲಿ ಒಂದಕ್ಕಿಂತ ಹೆಚ್ಚು 1234 ಆಗಿತ್ತು. ಕಚೇರಿಗಳಲ್ಲಂತೂ ಒಳಗಿನ ಫೋನುಗಳನ್ನು ಜೋಡಿಸುವ ಪುಟ್ಟ ಎಕ್ಸ್‌ಚೇಂಜು, ಅಂದರೆ ಇಪಿಎಬಿಎಕ್ಸ್, ಕೂರಿಸಿದವರು ಇಟ್ಟುಹೋದ ಸಂಖ್ಯೆಯೇ ವರ್ಷಗಟ್ಟಲೆ ಉಳಿಯುವುದುಂಟು. ಎಷ್ಟೋ ಕಡೆ ಎಕ್ಸ್‌ಟೆನ್ಷನ್ ನಂಬರೇ ಗುಪ್ತಸಂಖ್ಯೆ.

ಫ್ರೀಕ್‌ಗಳಿಗೆ ಇದು ಬಹುಬೇಗ ಗೊತ್ತಾಯಿತು. ಅವರು ಕಂಡ ಒಂದು ಉಪಾಯವನ್ನು ಅಮೆರಿಕದ ದೂರಸಂಪರ್ಕ ಆಯೋಗ ಸಾರ್ವಜನಿಕರಿಗೆ ಎಚ್ಚರಿಕೆಯಾಗಿಯೇ ಹೊರಡಿಸಿದೆ. ಶುಕ್ರವಾರ ಸಂಜೆ ಕಚೇರಿ ಮುಚ್ಚಿದ ಮೇಲೆ ಕಳ್ಳನು ನೌಕರನೊಬ್ಬನ ಪೆಟ್ಟಿಗೆ ಹೊಕ್ಕು ಸ್ವಾಗತದ ಮಾತನ್ನು ಬದಲಿಸುತ್ತಾನೆ. ‘ನಮಸ್ಕಾರ, ಸಂದೇಶ ಬಿಡಿ’ ಎಂದಿದ್ದಲ್ಲಿ ‘ಹೌದು, ಹೌದು, ಖರ್ಚು ನಾವೇ ಕೊಡುತ್ತೇವೆ’ ಎಂದು ತುಂಬುತ್ತಾನೆ. ಆಮೇಲೆ ವಿದೇಶಕ್ಕೆ ಕರೆ ಮಾಡಿ ಬಿಲ್ಲನ್ನು ಆ ನಂಬರಿಗೆ ಹಾಕಿ ಎನ್ನುತ್ತಾನೆ. ಒಪ್ಪಿಗೆ ಕೇಳುವ ಯಂತ್ರಕ್ಕೆ ವಾಯ್ಸ್ ಮೇಲ್ ಯಂತ್ರ ‘ಹೌದು’ ಎನ್ನುತ್ತದೆ. ಕಂಪನಿಗೆ ತಿಳಿಯುವುದು ತಿಂಗಳ ಬಿಲ್ ಬಂದಾಗ.

ಹಣಕ್ಕಿಂತ ದೊಡ್ಡದೂ ಆ ಪೆಟ್ಟಿಗೆಯಲ್ಲಿತ್ತು. 1998ರ ಮೇ 3ರಂದು ಸಿನ್ಸಿನಾಟಿ ಎನ್‌ಕ್ವೈರರ್ ಪತ್ರಿಕೆ ಬಾಳೆಹಣ್ಣಿನ ದೈತ್ಯ ಕಂಪನಿ ಚಿಕೀಟಾ ವಿರುದ್ಧ 18 ಪುಟಗಳ ತನಿಖಾ ವರದಿ ಪ್ರಕಟಿಸಿತು. ಕಂಪನಿಯ 2,000ಕ್ಕೂ ಹೆಚ್ಚು ವಾಯ್ಸ್ ಮೇಲ್ ಸಂದೇಶಗಳು ಅದರ ಆಧಾರ. ಒಳಗಿನ ಹಿರಿಯ ಅಧಿಕಾರಿಯೊಬ್ಬರು ಕೊಟ್ಟರು ಎಂದಿತು ಪತ್ರಿಕೆ. ವರದಿಗಾರ ಮೈಕ್ ಗ್ಯಾಲಗರ್ ತಾನೇ ಪೆಟ್ಟಿಗೆಗಳನ್ನು ತೆರೆದು ಕೇಳಿದ್ದ ಎಂಬುದು ಆಮೇಲೆ ಹೊರಬಿತ್ತು. ಜೂನ್ 28ರಂದು ಪತ್ರಿಕೆ ಮುಖಪುಟದಲ್ಲೇ ಕ್ಷಮೆ ಕೇಳಿ, ಒಂದು ಕೋಟಿ ಡಾಲರಿಗೂ ಹೆಚ್ಚು ಪರಿಹಾರ ಕೊಟ್ಟಿತು. ಕಾರ್ಮಿಕರ ಪಾಡಿನ ಬಗ್ಗೆ ಎದ್ದ ಪ್ರಶ್ನೆಗಳು ಆ ಗದ್ದಲದಲ್ಲಿ ಮುಳುಗಿಹೋದವು. ಇದು ನನಗೆ ಇಂದಿಗೂ ನೋವಿನ ಸಂಗತಿ.

ಬ್ರಿಟನ್ನಿನಲ್ಲಿ ಇದೇ ಕಳ್ಳತನ ಬಯಲಾದದ್ದು ಬಹಳ ಸಣ್ಣ ಸುಳಿವಿನಿಂದ. 2005ರ ನವೆಂಬರಿನಲ್ಲಿ ನ್ಯೂಸ್ ಆಫ್ ದಿ ವರ್ಲ್ಡ್ ಪತ್ರಿಕೆ ರಾಜಕುಮಾರ ವಿಲಿಯಂನ ಮಂಡಿ ನೋವಿನ ಸುದ್ದಿ ಹಾಕಿತು. ಕೆಲವೇ ಮಂದಿಗೆ ಗೊತ್ತಿದ್ದ ವಿಷಯವದು. ತಾವಿನ್ನೂ ಕೇಳದ ಸಂದೇಶಗಳು ಆಗಲೇ ಕೇಳಿದ ಹಳೆಯ ಸಂದೇಶಗಳ ಸಾಲಿನಲ್ಲಿ ಕೂತಿರುವುದನ್ನು ಅರಮನೆಯ ಸಿಬ್ಬಂದಿ ಗಮನಿಸಿದರು. ಯಾರೋ ತಮಗಿಂತ ಮೊದಲೇ ಕೇಳುತ್ತಿದ್ದಾರೆ! ಪೊಲೀಸರ ತನಿಖೆ ಅಲ್ಲಿಂದ ಹೊರಟಿತು. 2007ರಲ್ಲಿ ಇಬ್ಬರಿಗೆ ಜೈಲಾಯಿತು. ಕೊಲೆಯಾದ ಬಾಲಕಿಯೊಬ್ಬಳ ವಾಯ್ಸ್ ಮೇಲ್ ಅನ್ನೂ ಕದ್ದು ಕೇಳಿದ್ದರೆಂದು 2011ರ ಜುಲೈಯಲ್ಲಿ ಬಯಲಾದಾಗ 168 ವರ್ಷದ ಪತ್ರಿಕೆ ಒಂದೇ ವಾರದಲ್ಲಿ ಬಾಗಿಲು ಹಾಕಿತು.

ವಾಯ್ಸ್ ಮೇಲ್ ಯಾರು ಬಳಸುತ್ತಾರೆ ಈಗ, ಎಂದು ಕೇಳಬಹುದು. 2019ರ ಜೂನಿನಲ್ಲಿ ಬ್ರೆಜಿಲ್‌ನ ನ್ಯಾಯ ಸಚಿವ ಸೆರ್ಜಿಯೋ ಮೊರೊ ಅವರ ಮೊಬೈಲಿಗೆ ಅವರದೇ ನಂಬರಿನಿಂದ ಕರೆ ಬಂತು. ಟೆಲಿಗ್ರಾಂ ಆ್ಯಪ್ ತನ್ನ ಲಾಗಿನ್ ಕೋಡನ್ನು ಕರೆ ಮಾಡಿ ಓದಿಹೇಳುವ ಸೌಲಭ್ಯ ಕೊಟ್ಟಿತ್ತು. ಲೈನ್ ಬಿಡುವಿಲ್ಲದಿದ್ದರೆ ಕೋಡು ವಾಯ್ಸ್ ಮೇಲ್‌ಗೆ ಬೀಳುತ್ತದೆ. ಸ್ವಂತ ನಂಬರಿನಿಂದ ಬಂದ ಕರೆಗೆ ಪೆಟ್ಟಿಗೆ ಗುಪ್ತಸಂಖ್ಯೆ ಕೇಳದೆ ತೆರೆದುಕೊಳ್ಳುತ್ತಿತ್ತು. ನಂಬರನ್ನು ನಕಲು ಮಾಡಿದವನು ಕೋಡು ಕೇಳಿಸಿಕೊಂಡು ದೇಶದ ದೊಡ್ಡವರ ಖಾತೆಗಳನ್ನೇ ಹೊಕ್ಕ. 2600 ಹರ್ಟ್ಸ್‌ನ ಜಾಗದಲ್ಲಿ ಈಗ ಪರದೆಯ ಮೇಲಿನ ಹತ್ತು ಅಂಕಿ ಇದೆ, ಯಂತ್ರದ ನಂಬಿಕೆ ಮಾತ್ರ ಹಳೆಯದೇ.

ನಕಲಿ ನಂಬರಿನ ಅನುಭವ ಕರಾವಳಿಗೆ ಹೊಸದಲ್ಲ. ಗಲ್ಫಿನಲ್ಲಿರುವ ಮಗನ ಕರೆ ಭಾರತದ ಯಾವುದೋ ಮೊಬೈಲ್ ನಂಬರಾಗಿ ಕಾಣಿಸಿಕೊಂಡದ್ದು ಇಲ್ಲಿನ ಎಷ್ಟೋ ಮನೆಗಳಲ್ಲಿ ನಡೆದಿದೆ. ಇಂಟರ್ನೆಟ್ಟಿನಲ್ಲಿ ಬಂದ ವಿದೇಶಿ ಕರೆಯನ್ನು ಸಿಮ್ ಬಾಕ್ಸ್ ಎಂಬ ಯಂತ್ರ ಒಳಗಿನ ಸಿಮ್ಮಿನಿಂದ ಸ್ಥಳೀಯ ಕರೆಯಾಗಿ ಮಾಡಿ ದಾಟಿಸುತ್ತದೆ. ಅಂತರರಾಷ್ಟ್ರೀಯ ದರ ತಪ್ಪುತ್ತದೆ, ಕರೆ ಮಾಡಿದವರ ಗುರುತೂ ಅಳಿಯುತ್ತದೆ. 2021ರ ಜೂನಿನಲ್ಲಿ ಬೆಂಗಳೂರು ಪೊಲೀಸರು ಮತ್ತು ಸೇನೆಯ ಗುಪ್ತಚರ ವಿಭಾಗ ಸೇರಿ ಇಂಥ ಅಕ್ರಮ ಎಕ್ಸ್‌ಚೇಂಜು ಭೇದಿಸಿ, ಒಟ್ಟಿಗೆ 960 ಸಿಮ್ ನಡೆಸಬಲ್ಲ 32 ಸಿಮ್ ಬಾಕ್ಸ್ ವಶಪಡಿಸಿಕೊಂಡರು. ಸುಳಿವು ಸಿಕ್ಕಿದ್ದು ದೂರದ ಸಿಲಿಗುರಿಯಲ್ಲಿ. ಹಿರಿಯ ಅಧಿಕಾರಿಯ ಸೋಗಿನಲ್ಲಿ ಸೇನೆಯ ಮಾಹಿತಿ ಕೇಳಿದ ಕರೆಯನ್ನು ಅಲ್ಲಿ ಎತ್ತಿಕೊಂಡವರಿಗೆ ಸಂಶಯ ಬಂದಿತ್ತು. ಪರದೆಯ ಮೇಲಿದ್ದದ್ದು ಸಾಧಾರಣ ಭಾರತೀಯ ನಂಬರು.

ಆದ್ದರಿಂದ ಓದುಗರಲ್ಲಿ ಎರಡು ವಿನಂತಿ. ಕಚೇರಿಯಲ್ಲಿ ಇಪಿಎಬಿಎಕ್ಸ್ ನೋಡಿಕೊಳ್ಳುವವರು ಕಂಪನಿ ಕೊಟ್ಟ ಗುಪ್ತಸಂಖ್ಯೆಗಳನ್ನು ಇವತ್ತೇ ಬದಲಿಸಿ, ಕೆಲಸ ಬಿಟ್ಟುಹೋದವರ ವಾಯ್ಸ್ ಮೇಲ್ ಪೆಟ್ಟಿಗೆಗಳನ್ನು ಅಳಿಸಿ, ಪೆಟ್ಟಿಗೆಯೊಳಗಿಂದ ಹೊರಗೆ ಕರೆ ಮಾಡುವ ಸೌಲಭ್ಯ ಬೇಡವಾದರೆ ಮುಚ್ಚಿಸಿ. ಮನೆಯವರು ವಿದೇಶದ ಕರೆ ಭಾರತದ ನಂಬರಿನಲ್ಲಿ ಬಂದರೆ ಅಗ್ಗವಾಯಿತಲ್ಲ ಎಂದು ಸುಮ್ಮನಾಗಬೇಡಿ. ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ಯಲ್ಲಿ ದೂರು ಕೊಡಿ, ಅದಕ್ಕೆಂದೇ ಅಲ್ಲಿ ವ್ಯವಸ್ಥೆಯಿದೆ.